ಹಳೆಯ ಟಿವಿಗೆ ಹೊಸ ಡಿಸ್ಕ್ ಪ್ಲೇಯರ್: ಕೊಳ್ಳುವ ಮುನ್ನ ಟಿವಿಯ ಬೆನ್ನು ನೋಡಿ

ಹಳೆಯ ಟಿವಿಗೆ ಹೊಸ ಪ್ಲೇಯರ್ ತಂದವರು ಎಡವುವುದು ಬಹುಮಟ್ಟಿಗೆ ಒಂದೇ ಕಡೆ. ಮೊದಲು ಅಂಗಡಿಗೆ ಹೋಗುತ್ತಾರೆ, ಕಣ್ಣಿಗೆ ಒಪ್ಪಿದ ಪ್ಲೇಯರನ್ನು ಕೊಳ್ಳುತ್ತಾರೆ, ಮನೆಗೆ ಬಂದು ಟಿವಿಯನ್ನು ಗೋಡೆಯಿಂದ ಈಚೆಗೆ ಎಳೆದಾಗಲಷ್ಟೇ ಆ ಪ್ಲೇಯರಿನ ಕೇಬಲ್ ಕೂರುವ ಸಾಕೆಟ್ ಅದರಲ್ಲಿಲ್ಲ ಎಂಬುದು ಗೊತ್ತಾಗುತ್ತದೆ. ಆಮೇಲೆ ಕನ್ವರ್ಟರ್, ಅದಕ್ಕೊಂದು ಕೇಬಲ್, ಅದೂ ಹೊಂದದೆ ಇನ್ನೊಂದು ಕನ್ವರ್ಟರ್ ಎಂದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಾಮಾನಿನ ಬೀದಿಯಾದ ಎಸ್‌ಪಿ ರೋಡಿಗೆ ಮೂರು ಸಲ ಅಲೆದಾಟ. ಈ ಮಾರ್ಗದರ್ಶಿಯಲ್ಲಿ ಕೆಲಸದ ಕ್ರಮವನ್ನೇ ತಿರುಗಿಸಿ ಹಾಕಿದೆ: ಮೊದಲು ಟಿವಿ, ನಂತರ ಮನೆಯಲ್ಲಿರುವ ಡಿಸ್ಕ್‌ಗಳು, ಕೊನೆಗೆ ಪ್ಲೇಯರ್. ಈ ಕ್ರಮ ತಪ್ಪದಿದ್ದರೆ ಒಂದೇ ಸಲದ ಖರೀದಿಯಲ್ಲಿ ಕೆಲಸ ಮುಗಿಯುತ್ತದೆ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಒಂದು ಟಾರ್ಚ್, ಫೋಟೋ ತೆಗೆಯಬಲ್ಲ ಮೊಬೈಲ್, ಅಳತೆಯ ಟೇಪು, ಒಂದು ಹಾಳೆ ಮತ್ತು ಪೆನ್ನು, ಮನೆಯಲ್ಲಿರುವ ಪ್ರತಿಯೊಂದು ಬಗೆಯ ಡಿಸ್ಕ್‌ನಿಂದ ಒಂದೊಂದು ಮಾದರಿ. ಟಿವಿಯ ರಿಮೋಟ್ ಕಳೆದುಹೋಗಿದ್ದರೆ ಅದನ್ನು ಮೊದಲೇ ಹುಡುಕಿ ಅಥವಾ ಬದಲಿ ಕೊಳ್ಳಿ, ಏಕೆಂದರೆ ಎಷ್ಟೋ ಹಳೆಯ ಟಿವಿಗಳಲ್ಲಿ ಎವಿ ಮೂಲಕ್ಕೆ (ಹೊರಗಿನ ಪ್ಲೇಯರಿನ ಚಿತ್ರಕ್ಕೆ) ಬದಲಾಯಿಸುವ ಗುಂಡಿ ರಿಮೋಟಿನಲ್ಲಿ ಮಾತ್ರ ಇರುತ್ತದೆ.

ಹಂತ 1. ಟಿವಿಯ ಹಿಂಬದಿಯನ್ನು ಓದುವುದು

ಟಿವಿ ಮತ್ತು ಸೆಟ್-ಟಾಪ್ ಬಾಕ್ಸ್ ಎರಡರ ಸ್ವಿಚ್ಚನ್ನೂ ಗೋಡೆಯಲ್ಲೇ ಆರಿಸಿ. ಪಿಕ್ಚರ್ ಟ್ಯೂಬಿನ ಟಿವಿಯಾದರೆ ಒಬ್ಬರೇ ಎತ್ತಲು ಹೋಗಬೇಡಿ. 29 ಇಂಚಿನ ಸೆಟ್ಟಿನ ತೂಕ 40 ಕಿಲೋ ಸುತ್ತಮುತ್ತ ಇರುತ್ತದೆ ಮತ್ತು ಆ ತೂಕದ ಹೆಚ್ಚು ಪಾಲು ಗಾಜಿನ ಮುಂಭಾಗದಲ್ಲಿರುವುದರಿಂದ ಅದು ಎತ್ತುವವರ ಕಡೆಗೇ ವಾಲುತ್ತದೆ. ನಿಜ ಹೇಳಬೇಕೆಂದರೆ ಎತ್ತುವ ಅಗತ್ಯವೇ ಇಲ್ಲ. ಟಿವಿಯ ಪಕ್ಕದಿಂದ ಮೊಬೈಲನ್ನು ಹಿಂದಕ್ಕೆ ಚಾಚಿ, ಟಾರ್ಚ್ ಹಾಕಿ, ನಾಲ್ಕಾರು ಫೋಟೋ ತೆಗೆದರೆ ಸಾಕು. ಹಿಂಬದಿಯ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಕೂಡದು. ಪಿಕ್ಚರ್ ಟ್ಯೂಬು ಪ್ಲಗ್ ಕಿತ್ತ ಮೇಲೂ ಅಪಾಯಕಾರಿ ವೋಲ್ಟೇಜನ್ನು ಹಿಡಿದಿಟ್ಟುಕೊಂಡಿರುತ್ತದೆ.

ಫೋಟೋದಲ್ಲಿ ಈ ಕೆಳಗಿನವುಗಳಲ್ಲಿ ಯಾವುದಿದೆ ಎಂದು ಗುರುತಿಸಿ ಹಾಳೆಯಲ್ಲಿ ಬರೆದುಕೊಳ್ಳಿ.

ಹಳದಿ, ಬಿಳಿ, ಕೆಂಪು ಬಣ್ಣದ ದುಂಡನೆಯ ಮೂರು ಸಾಕೆಟ್‌ಗಳಿದ್ದರೆ ಅದು ಎವಿ ಇನ್. ಹಳದಿಯಲ್ಲಿ ಚಿತ್ರ, ಬಿಳಿಯಲ್ಲಿ ಎಡಗಡೆಯ ಧ್ವನಿ, ಕೆಂಪಿನಲ್ಲಿ ಬಲಗಡೆಯ ಧ್ವನಿ ಹರಿಯುತ್ತದೆ. ಹಳದಿ ಮತ್ತು ಬಿಳಿ ಮಾತ್ರ ಇದ್ದರೆ ಟಿವಿಯಲ್ಲಿ ಒಂದೇ ಧ್ವನಿಮಾರ್ಗವಿದೆ ಎಂದರ್ಥ. ಸಾಕೆಟ್‌ಗಳ ಮೇಲಿನ ಬರಹವನ್ನು ತಪ್ಪದೆ ಓದಿ: ಎಷ್ಟೋ ಟಿವಿಗಳಲ್ಲಿ ಇದೇ ಬಣ್ಣದ ಎರಡು ಸಾಲುಗಳಿದ್ದು ಒಂದು ಇನ್, ಇನ್ನೊಂದು ಔಟ್ ಆಗಿರುತ್ತದೆ. ಔಟ್ ಸಾಲಿಗೆ ಪ್ಲೇಯರ್ ಚುಚ್ಚಿ ಅದು ಕೆಟ್ಟಿದೆ ಎಂದು ಅಂಗಡಿಗೆ ಹಿಂತಿರುಗಿಸಿದವರನ್ನು ನಾನು ಬಲ್ಲೆ.

ಹಸಿರು, ನೀಲಿ, ಕೆಂಪು ಸಾಕೆಟ್‌ಗಳಿದ್ದರೆ ಅದು ಕಾಂಪೊನೆಂಟ್. ಚಿತ್ರವನ್ನು ಮೂರು ತಂತಿಗಳಲ್ಲಿ ಹಂಚಿ ಕಳುಹಿಸುವ ಈ ವಿಧಾನ ಹಳದಿ ತಂತಿಗಿಂತ ಬಹಳ ಸ್ಪಷ್ಟ. ಇಲ್ಲಿ ಕೆಂಪು ಬಣ್ಣದ ಸಾಕೆಟ್ ಎರಡಿರುತ್ತವೆ, ಒಂದು ಚಿತ್ರಕ್ಕೆ, ಇನ್ನೊಂದು ಧ್ವನಿಗೆ. ಅವನ್ನು ಅದಲುಬದಲು ಮಾಡುವುದು ಅತಿ ಸಾಮಾನ್ಯ ತಪ್ಪು.

ನಾಲ್ಕು ಸಣ್ಣ ರಂಧ್ರಗಳ ದುಂಡನೆಯ ಸಾಕೆಟ್ ಎಸ್-ವಿಡಿಯೊ. ಗುಣದಲ್ಲಿ ಇದು ಹಳದಿಗೂ ಕಾಂಪೊನೆಂಟಿಗೂ ನಡುವಿನದು. ಇದನ್ನು ಕೊಡುವ ಪ್ಲೇಯರ್ ಈಗ ಹೊಸದಾಗಿ ಸಿಗುವುದು ಕಷ್ಟವಾದ್ದರಿಂದ ಗುರುತು ಮಾಡಿಕೊಂಡು ಮುಂದೆ ಹೋಗಿ.

ಚಪ್ಪಟೆಯಾಗಿ, ಕೆಳತುದಿ ಒಳಕ್ಕೆ ಸರಿದಂತೆ ಇರುವ ಸಾಕೆಟ್ ಎಚ್‌ಡಿಎಂಐ. ಇದಿದ್ದರೆ ಮುಂದಿನ ಅರ್ಧ ತಾಪತ್ರಯ ತಪ್ಪಿದಂತೆ.

ಹೆಡ್‌ಫೋನಿನ ಜಾಕಿನಷ್ಟೇ ಇರುವ, ಎವಿ ಎಂದು ಬರೆದ ಸಣ್ಣ ರಂಧ್ರವೊಂದೇ ಇದ್ದರೆ ತೆಳುವಾದ ಎಲ್‌ಇಡಿ ಟಿವಿಗಳಲ್ಲಿ ಬರುವ ಜೋಡಣೆ ಅದು. ಅದಕ್ಕೆ ಒಂದು ತುದಿಯಲ್ಲಿ ಸಣ್ಣ ಜಾಕ್, ಇನ್ನೊಂದು ತುದಿಯಲ್ಲಿ ಮೂರು ಬಣ್ಣದ ಸಾಕೆಟ್‌ಗಳಿರುವ ಕೇಬಲ್ ಬೇಕು. ಈ ಜಾಕಿನೊಳಗಿನ ತಂತಿಗಳ ಕ್ರಮ ಎಲ್ಲ ಕಂಪನಿಗಳಲ್ಲೂ ಒಂದೇ ಅಲ್ಲ. ಆದ್ದರಿಂದ ಟಿವಿಯ ಜೊತೆಗೆ ಬಂದ ಕೇಬಲನ್ನೇ ಹುಡುಕಿ. ಬೇರೆಯದನ್ನು ಹಾಕಿದಾಗ ಚಿತ್ರದ ಬದಲು ಸ್ಪೀಕರಿನಲ್ಲಿ ಗುಂಯ್‌ಗುಡುವ ಸದ್ದು ಬಂದರೆ ಚಿತ್ರದ ಸಂಕೇತ ಧ್ವನಿಯ ತಂತಿಗೆ ಹೋಗಿದೆ ಎಂದು ತಿಳಿಯಬೇಕು.

ಆಂಟೆನಾದ ಸಾಕೆಟ್ ಒಂದನ್ನು ಬಿಟ್ಟರೆ ಬೇರೇನೂ ಇಲ್ಲದಿದ್ದರೆ ಆರ್‌ಎಫ್ ಮಾಡ್ಯುಲೇಟರ್ ಎಂಬ ಸಣ್ಣ ಪೆಟ್ಟಿಗೆ ಬೇಕಾಗುತ್ತದೆ. ಅದು ಪ್ಲೇಯರಿನ ಚಿತ್ರವನ್ನು ಒಂದು ಚಾನೆಲ್ ಆಗಿ ಮಾರ್ಪಡಿಸುತ್ತದೆ ಮತ್ತು ಟಿವಿಯಲ್ಲಿ ಆ ಚಾನೆಲನ್ನು ಟ್ಯೂನ್ ಮಾಡಬೇಕು. ಭಾರತದ ಟಿವಿಗಳಲ್ಲಿ ಚಿತ್ರದ ಸಂಕೇತಕ್ಕೂ ಧ್ವನಿಯ ಸಂಕೇತಕ್ಕೂ ನಡುವಿನ ಅಂತರ 5.5 ಮೆಗಾಹರ್ಟ್ಸ್, ಬ್ರಿಟನ್ನಿಗಾಗಿ ತಯಾರಾದ ಮಾಡ್ಯುಲೇಟರಿನಲ್ಲಿ ಅದು 6. ಹೀಗಾಗಿ ಚಿತ್ರ ಚೆನ್ನಾಗಿ ಬಂದು ಧ್ವನಿಯ ಬದಲು ಬರೀ ಹಿಸ್ ಎಂಬ ಸದ್ದು ಬಂದರೆ ಟಿವಿಯನ್ನು ದೂರಬೇಡಿ, ಮಾಡ್ಯುಲೇಟರನ್ನು ಬದಲಿಸಿ.

ಸಾಕೆಟ್ ಇದೆ ಎಂದ ಮಾತ್ರಕ್ಕೆ ಅದು ಖಾಲಿ ಇದೆ ಎಂದಲ್ಲ. ಕೇಬಲ್ ಟಿವಿಗೆ ಸೆಟ್-ಟಾಪ್ ಬಾಕ್ಸ್ ಕಡ್ಡಾಯ ಮಾಡಿದ ಡಿಜಿಟಲೀಕರಣದ ಎರಡನೇ ಹಂತಕ್ಕೆ ಬೆಂಗಳೂರು ಸೇರಿದ್ದು, 2013ರ ಮಾರ್ಚ್ 31 ಅದರ ಗಡುವಾಗಿತ್ತು. ಅಲ್ಲಿಂದೀಚೆಗೆ ಎಷ್ಟೋ ಮನೆಗಳ ಪಿಕ್ಚರ್ ಟ್ಯೂಬ್ ಟಿವಿಯ ಒಂದೇ ಒಂದು ಎವಿ ಇನ್ ಸಾಕೆಟನ್ನು ಸೆಟ್-ಟಾಪ್ ಬಾಕ್ಸ್ ಆಕ್ರಮಿಸಿಕೊಂಡಿದೆ. ಟಿವಿಯ ಮುಂದೆಯೋ ಪಕ್ಕದಲ್ಲೋ ಇನ್ನೊಂದು ಎವಿ ಸಾಲು ಇದೆಯೇ ಎಂದು ನೋಡಿ. ಸಣ್ಣ ಮುಚ್ಚಳದ ಅಡಿಯಲ್ಲಿ ಅಡಗಿರುವುದುಂಟು. ಅದಕ್ಕೆ ಪಿನ್ ಚುಚ್ಚಿದ ಕೂಡಲೇ ಹಿಂದಿನ ಸಾಲು ಕಡಿದುಹೋಗುವ ಟಿವಿಗಳೂ ಇವೆ. ಎರಡನೇ ಸಾಲು ಇಲ್ಲವಾದರೆ ಮೂರು ಒಳಬರುವ ಸಾಲು, ಒಂದು ಹೊರಹೋಗುವ ಸಾಲು ಇರುವ, ಗುಂಡಿ ಒತ್ತಿ ಬದಲಾಯಿಸುವ ಎವಿ ಸೆಲೆಕ್ಟರ್ ಪೆಟ್ಟಿಗೆಯನ್ನು ಖರೀದಿ ಪಟ್ಟಿಗೆ ಸೇರಿಸಿ. ದಿನಾ ಪಿನ್ ಕಿತ್ತು ಹಾಕುವುದು ಪರಿಹಾರವಲ್ಲ, ಹಳೆಯ ಸಾಕೆಟ್ ಬೇಗ ಸಡಿಲವಾಗುತ್ತದೆ.

ಹಂತ 2. ಮನೆಯ ಡಿಸ್ಕ್‌ಗಳನ್ನು ವಿಂಗಡಿಸುವುದು

ಕಪಾಟಿನಲ್ಲಿರುವುದನ್ನೆಲ್ಲ ನೆಲದ ಮೇಲೆ ಹರಡಿ ರಾಶಿ ಮಾಡಿ. ಮುಂದೆ ಕೊಳ್ಳಬೇಕೆಂದಿರುವ ಡಿಸ್ಕ್‌ಗಳಿಗಿಂತ ಈಗ ಕೈಯಲ್ಲಿರುವ ಡಿಸ್ಕ್‌ಗಳೇ ಪ್ಲೇಯರನ್ನು ನಿರ್ಧರಿಸಬೇಕು.

ಮೊದಲನೆಯದು ವಿಸಿಡಿಗಳ ರಾಶಿ. ಕನ್ನಡ ಚಿತ್ರಗಳು, ಯಕ್ಷಗಾನ ಪ್ರಸಂಗಗಳು, ಹರಿಕಥೆ, ಮಕ್ಕಳ ಪದ್ಯಗಳು, ಇವೆಲ್ಲ ಹೆಚ್ಚಾಗಿ ಈ ರೂಪದಲ್ಲೇ ಮಾರಾಟವಾಗಿವೆ. ಒಂದು ವಿಸಿಡಿಯಲ್ಲಿ ಸುಮಾರು 74ರಿಂದ 80 ನಿಮಿಷದ ಚಿತ್ರ ಹಿಡಿಯುವುದರಿಂದ ಒಂದು ಸಿನಿಮಾಕ್ಕೆ ಎರಡು ಮೂರು ಡಿಸ್ಕ್ ಇರುತ್ತವೆ. ಗುರುತಿಸಲು ಇದೇ ಸುಲಭದ ದಾರಿ. ಈ ರಾಶಿ ದೊಡ್ಡದಾಗಿದ್ದರೆ ಎಚ್ಚರ ಬೇಕು. ಡಿವಿಡಿಗಿಂತ ಸ್ಪಷ್ಟ ಚಿತ್ರದ ಬ್ಲೂ-ರೇ ಡಿಸ್ಕಿಗಾಗಿ ಬಂದ ಪ್ಲೇಯರ್ ದುಬಾರಿಯಾದ್ದರಿಂದ ಎಲ್ಲವನ್ನೂ ಓದುತ್ತದೆ ಎಂದು ಅನೇಕರು ನಂಬಿದ್ದಾರೆ. ಆದರೆ ವಿಸಿಡಿಯನ್ನು ಓದಲೊಪ್ಪದ ಬ್ಲೂ-ರೇ ಪ್ಲೇಯರ್‌ಗಳು ಮಾರುಕಟ್ಟೆಯಲ್ಲಿವೆ. ಪೆಟ್ಟಿಗೆಯ ಮೇಲೆ ಅಥವಾ ಕೈಪಿಡಿಯಲ್ಲಿ ವಿಸಿಡಿ ಎಂಬ ಪದ ಕಾಣಿಸದಿದ್ದರೆ ಅದು ಓದುವುದಿಲ್ಲ ಎಂದೇ ಭಾವಿಸಿ ಹೊರಡುವುದು ಕ್ಷೇಮ.

ಎರಡನೆಯದು ಮದುವೆ, ಗೃಹಪ್ರವೇಶ, ನಾಮಕರಣಗಳ ಡಿಸ್ಕ್‌ಗಳು. ಇವು ಕಾರ್ಖಾನೆಯಲ್ಲಿ ಅಚ್ಚಾದವಲ್ಲ, ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ಸುಟ್ಟುಕೊಟ್ಟವು (ಬರ್ನ್ ಮಾಡಿದವು, ಅಂದರೆ ಖಾಲಿ ಡಿಸ್ಕಿಗೆ ಬರೆದವು). ಇಲ್ಲಿ ಚಿತ್ರ ದಾಖಲಾಗುವುದು ಒಂದು ಬಣ್ಣದ ಪದರದಲ್ಲಿ. ಅದು ಶಾಖಕ್ಕೂ ಬೆಳಕಿಗೂ ನಿಧಾನವಾಗಿ ಮಾಸುತ್ತದೆ. ಹಳೆಯ ಪ್ಲೇಯರ್ ಒದ್ದಾಡಿ ಓದುತ್ತಿದ್ದ ಡಿಸ್ಕನ್ನು ಹೊಸದು ಓದಬಹುದು, ಓದದೆಯೂ ಇರಬಹುದು. ಪ್ಲೇಯರ್ ಕೊಳ್ಳುವ ಮೊದಲು ಈ ರಾಶಿಯನ್ನು ಕಂಪ್ಯೂಟರಿಗೆ ಹಾಕಿ ನಕಲು ತೆಗೆದಿಡಿ. ಇದು ಈ ಲೇಖನದ ವಿಷಯಕ್ಕೆ ಸ್ವಲ್ಪ ಆಚೆಯದು, ಆದರೂ ಹೇಳದೆ ಇರಲಾರೆ: ಸಿನಿಮಾ ಡಿಸ್ಕ್ ಹೋದರೆ ಮತ್ತೆ ಸಿಗಬಹುದು, ಅಜ್ಜಿ ಆರತಿ ಎತ್ತಿದ ಡಿಸ್ಕ್ ಹೋದರೆ ಸಿಗುವುದಿಲ್ಲ.

ಮೂರನೆಯದು ಅಚ್ಚಾದ ಡಿವಿಡಿಗಳು. ಹಿಂಬದಿಯಲ್ಲಿ ಭೂಗೋಳದ ಚಿಹ್ನೆಯೊಳಗೆ ಒಂದು ಅಂಕೆ ಇರುತ್ತದೆ, ಆ ಡಿಸ್ಕ್ ಯಾವ ವಲಯದ ಪ್ಲೇಯರಿನಲ್ಲಿ ಓಡುತ್ತದೆ ಎಂಬುದರ ಗುರುತು ಅದು. ಭಾರತದ ವಲಯ 5, ಅಮೆರಿಕದ್ದು 1, ಬ್ರಿಟನ್ನಿನದು 2. ಎಲ್ಲ ವಲಯಗಳಿಗೂ ಸಲ್ಲುವಂತೆ ಮಾಡಿದ ಡಿಸ್ಕ್‌ಗಳೂ ಇವೆ. ಅದೇ ಜಾಗದಲ್ಲಿ ಟಿವಿ ಚಿತ್ರದ ವಿಧಾನ ಯಾವುದೆಂದು, ಪಾಲ್ ಅಥವಾ ಎನ್‌ಟಿಎಸ್‌ಸಿ ಎಂದು ಬರೆದಿರುವುದನ್ನೂ ಗಮನಿಸಿ. ನಮ್ಮ ದೇಶದ ಹಳೆಯ ಅನಲಾಗ್ ಪ್ರಸಾರ ಪಾಲ್ ವಿಧಾನದ್ದಾಗಿದ್ದರೂ ಭಾರತೀಯ ಚಿತ್ರಗಳ ಡಿವಿಡಿಗಳಲ್ಲಿ ಎನ್‌ಟಿಎಸ್‌ಸಿ ವಿಧಾನದವೂ ಸಾಕಷ್ಟಿವೆ. ಪಾಲ್ ಮಾತ್ರ ಬಲ್ಲ ಹಳೆಯ ಟಿವಿಯಲ್ಲಿ ಅವು ಕಪ್ಪುಬಿಳುಪಾಗಿ ಕಾಣುತ್ತವೆ ಅಥವಾ ಚಿತ್ರ ಮೇಲಿಂದ ಕೆಳಕ್ಕೆ ಉರುಳುತ್ತದೆ.

ನಾಲ್ಕನೆಯದು ಬ್ಲೂ-ರೇ, ಇದ್ದರೆ. ಇವಕ್ಕೆ ವಲಯಗಳು ಅಕ್ಷರದಲ್ಲಿವೆ: ಅಮೆರಿಕ ಎ, ಬ್ರಿಟನ್ ಬಿ, ಭಾರತ ಸಿ. ಅಲ್ಟ್ರಾ ಎಚ್‌ಡಿ ಬ್ಲೂ-ರೇ ಡಿಸ್ಕಿಗೆ ಮಾತ್ರ ವಲಯದ ಕಟ್ಟುಪಾಡಿಲ್ಲ.

ಹಂತ 3. ಯಾವ ಬಗೆಯ ಪ್ಲೇಯರ್ ಎಂದು ತೀರ್ಮಾನಿಸುವುದು

ಎರಡು ಹಂತಗಳ ಟಿಪ್ಪಣಿ ಕೈಯಲ್ಲಿದ್ದರೆ ತೀರ್ಮಾನ ತಾನಾಗಿಯೇ ಒದಗುತ್ತದೆ.

ಟಿವಿಯಲ್ಲಿ ಎಚ್‌ಡಿಎಂಐ ಇಲ್ಲ, ಎವಿ ಮಾತ್ರ ಇದೆ ಎನ್ನುವವರು ಎವಿ ಔಟ್ ಇರುವ ಸಾಧಾರಣ ಡಿವಿಡಿ ಪ್ಲೇಯರನ್ನೇ ಕೊಳ್ಳಬೇಕು. ಇದು ಬಡವರ ಆಯ್ಕೆ ಎಂಬ ಸಂಕೋಚ ಬೇಡ. ಪಾಲ್ ಟಿವಿಯಲ್ಲಿ ಚಿತ್ರ ಮೂಡುವುದು 576 ಗೆರೆಗಳಲ್ಲಿ, ಪಾಲ್ ಡಿವಿಡಿಯಲ್ಲಿರುವುದೂ 576 ಗೆರೆಗಳೇ. ಬ್ಲೂ-ರೇಯ 1080 ಗೆರೆಗಳನ್ನು ಹಳದಿ ತಂತಿಯೊಳಗೆ ತೂರಿಸಿದರೆ ಆ ಟಿವಿಯಲ್ಲಿ ಮಿಕ್ಕುವುದು ಅದೇ 576. ಕೊಟ್ಟ ಹಣಕ್ಕೆ ಕಾಣುವ ಲಾಭ ಬಹುತೇಕ ಇಲ್ಲ.

ಇಂಥವರು ಬ್ಲೂ-ರೇ ಪ್ಲೇಯರಿನ ಹಿಂದೆ ಹಳದಿ ಸಾಕೆಟನ್ನು ಹುಡುಕಿ ಸೋಲುವುದಕ್ಕೆ ಒಂದು ಖಚಿತ ಕಾರಣವಿದೆ. ಬ್ಲೂ-ರೇಯ ನಕಲು ತಡೆ ಪರವಾನಗಿಯ ನಿಯಮದಂತೆ 2010ರ ಡಿಸೆಂಬರ್ 31ರ ನಂತರ ತಯಾರಾದ ಪ್ಲೇಯರ್‌ಗಳು ಹಳೆಯ ಬಗೆಯ ತಂತಿಗಳಲ್ಲಿ ಸಾಧಾರಣ ಸ್ಪಷ್ಟತೆಯ ಚಿತ್ರವನ್ನು ಮಾತ್ರ ಕೊಡಬಹುದಿತ್ತು. 2013ರ ಡಿಸೆಂಬರ್ 31ರ ನಂತರ ಅದಕ್ಕೂ ಅವಕಾಶ ಉಳಿಯಲಿಲ್ಲ. ಹೀಗಾಗಿ ಇಂದು ಅಂಗಡಿಯಲ್ಲಿ ಸಿಗುವ ಹೊಸ ಬ್ಲೂ-ರೇ ಪ್ಲೇಯರಿನಲ್ಲಿ ಚಿತ್ರ ಹೊರಬರುವ ದಾರಿ ಎಚ್‌ಡಿಎಂಐ ಒಂದೇ. ಒಳಗೆ ಹುಡುಕಿ ಕೊಡುತ್ತೇನೆ ಎಂದು ಅಂಗಡಿಯವನು ಹೇಳಿದರೂ ಇಲ್ಲದ್ದು ಸಿಗುವುದಿಲ್ಲ.

ಕಾಂಪೊನೆಂಟ್ ಸಾಕೆಟ್ ಇರುವ ಪಿಕ್ಚರ್ ಟ್ಯೂಬ್ ಟಿವಿಯವರು ಕಾಂಪೊನೆಂಟ್ ಔಟ್ ಇರುವ ಡಿವಿಡಿ ಪ್ಲೇಯರ್ ಹುಡುಕಿದರೆ ಸಾರ್ಥಕ. ಹಳದಿ ತಂತಿಯಲ್ಲಿ ಕೆಂಪು ಸೀರೆಯ ಅಂಚು ಪಕ್ಕಕ್ಕೆ ಹರಿದಂತೆ ಕಾಣುತ್ತದಲ್ಲ, ಆ ದೋಷ ಕಾಂಪೊನೆಂಟಿನಲ್ಲಿ ಮಾಯವಾಗುತ್ತದೆ. ಹೊಸದು ಸಿಗದಿದ್ದರೆ ಸೆಕೆಂಡ್ ಹ್ಯಾಂಡ್ ನೋಡಬಹುದು.

ಎಚ್‌ಡಿಎಂಐ ಇರುವ ಎಚ್‌ಡಿ ರೆಡಿ ಎಲ್‌ಸಿಡಿ ಅಥವಾ ಪ್ಲಾಸ್ಮಾ ಟಿವಿಯವರು ಸಾಧಾರಣ ಬ್ಲೂ-ರೇ ಪ್ಲೇಯರ್ ಕೊಳ್ಳಬಹುದು. ಆದರೆ ಅಳತೆಯ ಟೇಪು ಹಿಡಿದು ಸೋಫಾದಿಂದ ಟಿವಿಗೆ ಎಷ್ಟು ದೂರವೆಂದು ನೋಡಿ. 32 ಇಂಚಿನ ಪರದೆಯನ್ನು ಒಂಬತ್ತು ಅಡಿ ದೂರದಿಂದ ನೋಡುವವರಿಗೆ ಚೆನ್ನಾಗಿ ತಯಾರಿಸಿದ ಡಿವಿಡಿಗೂ ಬ್ಲೂ-ರೇಗೂ ನಡುವಿನ ಅಂತರ ಅಲ್ಪ. ಕಪಾಟಿನಲ್ಲಿ ಒಂದೂ ಬ್ಲೂ-ರೇ ಡಿಸ್ಕ್ ಇಲ್ಲದಿದ್ದರೆ ಎಚ್‌ಡಿಎಂಐ ಇರುವ ಡಿವಿಡಿ ಪ್ಲೇಯರೇ ಸಾಕು ಎಂಬುದು ನನ್ನ ಅಭಿಪ್ರಾಯ.

ಅಲ್ಟ್ರಾ ಎಚ್‌ಡಿ ಬ್ಲೂ-ರೇ ಪ್ಲೇಯರ್ ಹಳೆಯ ಟಿವಿಗೆ ಬೇಡ. ಅದರ ಡಿಸ್ಕ್‌ಗಳಲ್ಲಿನ ಬೆಳಕು ನೆರಳಿನ ವಿಸ್ತಾರವನ್ನು ಹಳೆಯ ಪರದೆಗೆ ಕುಗ್ಗಿಸುವಾಗ ಚಿತ್ರ ಎಷ್ಟೋ ಸಲ ಮಂಕಾಗುತ್ತದೆ.

ಧ್ವನಿಯ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಹಳೆಯ ಆಂಪ್ಲಿಫೈಯರ್ ಅಥವಾ ಹೋಮ್ ಥಿಯೇಟರ್ ಇದ್ದರೆ ಅದರಲ್ಲಿ ಇರುವುದು ಕೆಂಪು-ಬಿಳಿ ಸಾಕೆಟ್ಟೋ, ಒಂಟಿ ಕೊಯಾಕ್ಸಿಯಲ್ ಸಾಕೆಟ್ಟೋ, ಬೆಳಕು ಹಾಯುವ ಆಪ್ಟಿಕಲ್ ಸಾಕೆಟ್ಟೋ ಎಂದು ಬರೆದುಕೊಳ್ಳಿ. ಈಗಿನ ಅಗ್ಗದ ಬ್ಲೂ-ರೇ ಪ್ಲೇಯರ್‌ಗಳಲ್ಲಿ ಇವುಗಳಲ್ಲಿ ಒಂದಿದ್ದರೆ ಹೆಚ್ಚು, ಕೆಲವದರಲ್ಲಿ ಒಂದೂ ಇರುವುದಿಲ್ಲ.

ಹಂತ 4. ಕನ್ವರ್ಟರ್ ಬೇಕೇಬೇಕೆನ್ನುವವರಿಗೆ

ಬ್ಲೂ-ರೇ ಡಿಸ್ಕ್‌ಗಳು ಆಗಲೇ ಮನೆಯಲ್ಲಿವೆ, ಟಿವಿಯನ್ನು ಈಗಲೇ ಬದಲಾಯಿಸುವ ಮನಸ್ಸಿಲ್ಲ ಎನ್ನುವವರು ಕನ್ವರ್ಟರಿಗೆ ಬರಬೇಕಾಗುತ್ತದೆ. ಅತಿ ಹೆಚ್ಚು ಹಣ ಪೋಲಾಗುವುದು ಈ ಹಂತದಲ್ಲಿ, ಆದ್ದರಿಂದ ನಿಧಾನವಾಗಿ ಓದಿ.

ಒಂದು ತುದಿಯಲ್ಲಿ ಎಚ್‌ಡಿಎಂಐ, ಇನ್ನೊಂದು ತುದಿಯಲ್ಲಿ ಮೂರು ಬಣ್ಣದ ಪಿನ್‌ಗಳಿರುವ ಬರಿಯ ಕೇಬಲನ್ನು ಕೊಳ್ಳಲೇಬಾರದು. ಎಚ್‌ಡಿಎಂಐಯಲ್ಲಿ ಹರಿಯುವುದು ಡಿಜಿಟಲ್ ಸಂಕೇತ, ಹಳದಿ ತಂತಿಗೆ ಬೇಕಾದದ್ದು ಅನಲಾಗ್ ಸಂಕೇತ. ನಡುವೆ ಮಾರ್ಪಡಿಸುವ ಸರ್ಕ್ಯೂಟ್ ಇಲ್ಲದೆ ಒಂದು ಇನ್ನೊಂದಾಗದು. ಈ ಕೇಬಲ್ ಅಗ್ಗವಾಗಿ ಸಿಗುತ್ತದೆ ಮತ್ತು ಯಾವ ಡಿವಿಡಿ, ಬ್ಲೂ-ರೇ ಪ್ಲೇಯರಿನಿಂದಲೂ ಅದರ ಮೂಲಕ ಚಿತ್ರ ಬರುವುದಿಲ್ಲ.

ಕನ್ವರ್ಟರ್ ಪೆಟ್ಟಿಗೆಗಳಲ್ಲಿ ಎರಡು ಬಗೆ. ಎಚ್‌ಡಿಎಂಐ ಟು ಎವಿ ಒಂದು, ಎವಿ ಟು ಎಚ್‌ಡಿಎಂಐ ಇನ್ನೊಂದು. ಹೊರನೋಟಕ್ಕೆ ಎರಡೂ ಬೆಂಕಿಪೊಟ್ಟಣದಂಥ ಅವಳಿ ಮಕ್ಕಳು. ಹಳೆಯ ಟಿವಿಗೆ ಹೊಸ ಪ್ಲೇಯರ್ ಜೋಡಿಸಲು ಬೇಕಾದದ್ದು ಮೊದಲನೆಯದು. ಜಯನಗರದ ನಮ್ಮ ಚಿಕ್ಕಮ್ಮನ ಮನೆಗೆ ನಾನೇ ಎರಡನೆಯದನ್ನು ತಂದುಕೊಟ್ಟು, ಭಾನುವಾರವಿಡೀ ತಲೆ ಕೆಡಿಸಿಕೊಂಡು, ಸಂಜೆ ಹೊತ್ತಿಗೆ ಪೆಟ್ಟಿಗೆಯ ಮೇಲಿನ ಸಣ್ಣಕ್ಷರಗಳನ್ನು ಓದಿದ್ದೆ. ಎಚ್‌ಡಿಎಂಐ ಸಾಕೆಟಿನ ಪಕ್ಕದಲ್ಲಿ ಇನ್‌ಪುಟ್ ಎಂದೇ ಬರೆದಿರಬೇಕು, ಬೇರೇನನ್ನೂ ನಂಬಬೇಡಿ.

ಪೆಟ್ಟಿಗೆಗೆ 5 ವೋಲ್ಟಿನ ವಿದ್ಯುತ್ ಬೇಕು. ಎಚ್‌ಡಿಎಂಐ ಸಾಕೆಟಿನಿಂದ ಬರುವ ವಿದ್ಯುತ್ ಬಹಳ ಕಡಿಮೆಯಾದ್ದರಿಂದ ಅದನ್ನು ನೆಚ್ಚುವಂತಿಲ್ಲ. ಪ್ಲೇಯರಿನ ಯುಎಸ್‌ಬಿ ಸಾಕೆಟಿಗೆ ಹಾಕುವುದಕ್ಕಿಂತ ಹಳೆಯ ಮೊಬೈಲ್ ಚಾರ್ಜರಿಗೆ ಹಾಕುವುದು ಮೇಲು. ಚಿತ್ರ ಹತ್ತು ನಿಮಿಷ ಬಂದು ಮಿಣುಕಿ ಆರುತ್ತಿದ್ದರೆ ಮೊದಲ ಸಂಶಯ ವಿದ್ಯುತ್ತಿನ ಮೇಲಿರಲಿ.

ಪೆಟ್ಟಿಗೆಯ ಪಕ್ಕದಲ್ಲಿ ಪಾಲ್, ಎನ್‌ಟಿಎಸ್‌ಸಿ ಎಂದು ಬರೆದ ಪುಟ್ಟ ಸ್ವಿಚ್ ಇರುತ್ತದೆ. ಅದನ್ನು ಪಾಲ್ ಕಡೆಗೆ ಸರಿಸಿ. ಜೋಡಿಸಿದ ಮೇಲೆ ಮುಖಗಳು ಉದ್ದುದ್ದ ಕಂಡರೆ ಅಗಲ ಪರದೆಯ ಚಿತ್ರವನ್ನು ಕನ್ವರ್ಟರ್ ಚೌಕಾಕಾರದ ಪರದೆಗೆ ಹಿಸುಕಿದೆ ಎಂದರ್ಥ; ಪ್ಲೇಯರಿನ ಸೆಟ್ಟಿಂಗಿನಲ್ಲಿ ಎಚ್‌ಡಿಎಂಐ ಸ್ಪಷ್ಟತೆಯನ್ನು 576ಪಿಗೆ ಇಳಿಸಿ, ಟಿವಿಯ ಆಕಾರವನ್ನು ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಡುವ 4:3 ಲೆಟರ್‌ಬಾಕ್ಸ್ ಎಂದು ಆರಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಟಿವಿಯ ರಿಮೋಟಿನಲ್ಲಿ 16:9 ಗುಂಡಿ ಇದೆಯೇ ನೋಡಬೇಕು.

ಚಿತ್ರ ಬಂದು ಧ್ವನಿ ಮಾತ್ರ ಇಲ್ಲವೆನ್ನುವುದು ಕನ್ವರ್ಟರ್ ಬಳಸುವವರ ಅತಿ ಸಾಮಾನ್ಯ ದೂರು. ಪ್ಲೇಯರ್ ಡಾಲ್ಬಿ ಧ್ವನಿಯನ್ನು ಬಿಡಿಸದೆ ಹಾಗೆಯೇ ಕಳುಹಿಸುತ್ತಿದೆ, ಪುಟ್ಟ ಪೆಟ್ಟಿಗೆಗೆ ಅದನ್ನು ಬಿಡಿಸಲು ಬರುವುದಿಲ್ಲ. ಪ್ಲೇಯರಿನ ಆಡಿಯೋ ಸೆಟ್ಟಿಂಗಿನಲ್ಲಿ ಬಿಟ್‌ಸ್ಟ್ರೀಮ್ ಇದ್ದುದನ್ನು ಪಿಸಿಎಂ ಎಂದು ಬದಲಾಯಿಸಿದರೆ ಧ್ವನಿ ಬರುತ್ತದೆ.

ಹಂತ 5. ಅಮೆರಿಕದಿಂದ ಬಂದ ಪ್ಲೇಯರ್

ಬೆಂಗಳೂರಿನಲ್ಲಿ ಈ ಪ್ರಶ್ನೆ ಬರದ ಬೀದಿಯಿಲ್ಲ. ಮಗಳೋ ಅಳಿಯನೋ ಸೂಟ್‌ಕೇಸಿನಲ್ಲಿ ತಂದ ಪ್ಲೇಯರನ್ನು ಚುಚ್ಚುವ ಮೊದಲು ಅದರ ಹಿಂಬದಿಯ ಚೀಟಿಯನ್ನು ಓದಿ. 100-240 ವೋಲ್ಟ್ ಎಂದಿದ್ದರೆ ಪಿನ್ನಿನ ಆಕಾರ ಬದಲಿಸುವ ಅಡಾಪ್ಟರ್ ಸಾಕು. 120 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟಿಗೆ ಹಾಕಿದ ಕ್ಷಣವೇ ಸುಟ್ಟುಹೋಗುತ್ತದೆ. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಕಡ್ಡಾಯ. ಪಿನ್ ಅಡಾಪ್ಟರ್ ವೋಲ್ಟೇಜನ್ನು ಇಳಿಸುವುದಿಲ್ಲ, ಈ ಎರಡನ್ನೂ ಒಂದೇ ಎಂದುಕೊಂಡವರಿಂದಲೇ ಹೆಚ್ಚಿನ ಪ್ಲೇಯರ್‌ಗಳು ಹೊಗೆಯಾಡಿವೆ.

ವಿದ್ಯುತ್ತು ಸರಿಹೋದರೂ ವಲಯದ ತೊಡಕು ಉಳಿಯುತ್ತದೆ: ಅದು ಡಿವಿಡಿಗೆ 1, ಬ್ಲೂ-ರೇಗೆ ಎ. ಅದಕ್ಕಿಂತ ದೊಡ್ಡ ತೊಡಕು, ಅಮೆರಿಕದ ಎಷ್ಟೋ ಪ್ಲೇಯರ್‌ಗಳು ಪಾಲ್ ಡಿವಿಡಿಯನ್ನು ಓದುವುದೇ ಇಲ್ಲ. ಇಲ್ಲಿನ ಸ್ಟುಡಿಯೋದವರು ಕೊಟ್ಟ ಮದುವೆಯ ಡಿಸ್ಕ್ ಪಾಲ್ ಆಗಿದ್ದರೆ ಅದು ಆ ಪ್ಲೇಯರಿನಲ್ಲಿ ಕಾಣದು. ಉಡುಗೊರೆಯಾಗಿ ಬಂದರೆ ಇಟ್ಟುಕೊಳ್ಳಿ, ಕೇಳಿ ತರಿಸಿಕೊಳ್ಳಬೇಡಿ.

ಹಂತ 6. ಅಂಗಡಿಯಲ್ಲಿ ಪರೀಕ್ಷಿಸುವುದು

ಕೇಬಲ್, ಕನ್ವರ್ಟರ್, ಸೆಲೆಕ್ಟರ್ ಪೆಟ್ಟಿಗೆ, ಟ್ರಾನ್ಸ್‌ಫಾರ್ಮರ್‌ಗಳಿಗೆ ಎಸ್‌ಪಿ ರೋಡ್ ಸರಿಯಾದ ಜಾಗ. ಭಾನುವಾರ ಅಲ್ಲಿ ಬಹುಪಾಲು ಅಂಗಡಿಗಳು ಮುಚ್ಚಿರುತ್ತವೆ. ಗಾಂಧಿನಗರದ ನ್ಯಾಷನಲ್ ಮಾರ್ಕೆಟಿನಲ್ಲೂ ಇಂಥ ಸಾಮಾನು ಸಿಗುತ್ತದೆ. ಅಲ್ಲಿ ಬಿಲ್ಲು ಕೇಳಿ ಪಡೆಯುವುದನ್ನು ಮರೆಯಬೇಡಿ. ಚಿಕ್ಕಪೇಟೆಯ ಸುತ್ತಿನ ಭಾನುವಾರದ ಸಂತೆಯಲ್ಲಿ ಹಳೆಯ ಪ್ಲೇಯರ್‌ಗಳು ಹಾಸಿದ ಗೋಣಿಯ ಮೇಲೆ ಕೂತಿರುತ್ತವೆ, ಆದರೆ ಅಲ್ಲಿ ಚುಚ್ಚಿ ನೋಡಲು ಕರೆಂಟ್ ಇರುವುದಿಲ್ಲ. ಪೂರ್ತಿ ಹೋದರೂ ಬೇಸರವಾಗದಷ್ಟು ಹಣವನ್ನು ಮಾತ್ರ ಅಲ್ಲಿ ತೆತ್ತರೆ ಸಾಕು.

ಅಂಗಡಿಯಲ್ಲಿ ಅವರ ಡಿಸ್ಕ್ ಹಾಕಿ ತೋರಿಸಲು ಬಿಡಬೇಡಿ, ನೀವು ಒಯ್ದ ಮಾದರಿಗಳನ್ನು ಹಾಕಿಸಿ. ಒಂದು ವಿಸಿಡಿ, ಒಂದು ಸುಟ್ಟ ಡಿಸ್ಕ್, ಒಂದು ಎನ್‌ಟಿಎಸ್‌ಸಿ ಡಿವಿಡಿ, ಸ್ವಲ್ಪ ಗೀರು ಬಿದ್ದ ಇನ್ನೊಂದು. ಸೆಕೆಂಡ್ ಹ್ಯಾಂಡ್ ಆದರೆ ಟ್ರೇಯನ್ನು ಹತ್ತು ಸಲ ತೆಗೆದು ಮುಚ್ಚಿ. ಒಂದು ಸಲವಾದರೂ ತಡವರಿಸಿದರೆ ಒಳಗಿನ ರಬ್ಬರ್ ಬೆಲ್ಟು ಸಡಿಲವಾಗಿದೆ. ಅದು ಸಣ್ಣ ದುರಸ್ತಿ. ಡಿಸ್ಕ್ ಹಾಕಿದ ಮೇಲೆ ಟಕ್ ಟಕ್ ಸದ್ದಿನೊಡನೆ ಬಹಳ ಹೊತ್ತು ಹುಡುಕಾಡಿದರೆ ಲೇಸರ್ ಸೋತಿರುವ ಸಂಭವ ಹೆಚ್ಚು. ಅದು ಸಣ್ಣ ದುರಸ್ತಿಯಲ್ಲ. ಸಿಡಿಗೆ 780, ಡಿವಿಡಿಗೆ 650, ಬ್ಲೂ-ರೇಗೆ 405 ನ್ಯಾನೊಮೀಟರ್ ಎಂದು ಬೇರೆ ಬೇರೆ ಬೆಳಕು ಬಳಕೆಯಾಗುವುದರಿಂದ ಒಂದು ಬಗೆಯ ಡಿಸ್ಕ್ ಓಡಿದ್ದು ಇನ್ನೊಂದಕ್ಕೆ ಸಾಕ್ಷಿಯಾಗದು. ಮೂರನ್ನೂ ಓಡಿಸಿ ನೋಡಬೇಕು.

ಒಂದೆರಡು ಗಂಟೆಯ ಡಿವಿಡಿಯಾದರೆ ಕೊನೆಯ ಅಧ್ಯಾಯಕ್ಕೂ ಹಾರಿ ನೋಡಿ. ಡಿಸ್ಕ್ ಓದಿಸಿಕೊಳ್ಳುವುದು ನಡುವಿನಿಂದ ಅಂಚಿನ ಕಡೆಗೆ. ಆರಂಭ ಚೆನ್ನಾಗಿದ್ದು ಕೊನೆಯಲ್ಲಿ ತುಂಡು ತುಂಡಾಗುವ ಪ್ಲೇಯರ್‌ಗಳು ಸೆಕೆಂಡ್ ಹ್ಯಾಂಡಿನಲ್ಲಿ ಮಾಮೂಲು.

ರಿಮೋಟ್ ಇಲ್ಲದ ಪ್ಲೇಯರನ್ನು ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ, ಸೆಟ್ಟಿಂಗಿನ ಪುಟ ರಿಮೋಟಿನಿಂದ ಮಾತ್ರ ತೆರೆಯುತ್ತದೆ. ಹಳೆಯ ಬ್ಲೂ-ರೇ ಪ್ಲೇಯರ್ ಕೊಳ್ಳುವವರು ಅದರ ಸಾಫ್ಟ್‌ವೇರ್ ನವೀಕರಣ ಇನ್ನೂ ಸಿಗುತ್ತಿದೆಯೇ ಎಂದು ಕಂಪನಿಯ ತಾಣದಲ್ಲಿ ನೋಡಬೇಕು. ನವೀಕರಣ ನಿಂತುಹೋದ ಪ್ಲೇಯರ್ ಹೊಸದಾಗಿ ಬಿಡುಗಡೆಯಾದ ಡಿಸ್ಕ್‌ಗಳನ್ನು ನಿರಾಕರಿಸಬಹುದು. ಓಪ್ಪೊ ಡಿಜಿಟಲ್ 2018ರಲ್ಲಿ ಪ್ಲೇಯರ್ ತಯಾರಿಕೆಯಿಂದ ಹಿಂದೆ ಸರಿಯಿತು. ಸ್ಯಾಮ್‌ಸಂಗ್ 2019ರಲ್ಲಿ ಅಮೆರಿಕದ ಮಾರುಕಟ್ಟೆಗೆ ಹೊಸ ಮಾದರಿ ತರುವುದಿಲ್ಲವೆಂದು ಹೇಳಿತು. ಬಿಡಿಭಾಗಗಳ ಲೆಕ್ಕ ಹಾಕುವಾಗ ಇದು ನೆನಪಿರಲಿ.

ಎಚ್‌ಡಿಎಂಐ ಕೇಬಲ್ ವಿಷಯ ಒಂದು ವಾಕ್ಯದಲ್ಲಿ ಮುಗಿಯುತ್ತದೆ: ಹೈ ಸ್ಪೀಡ್ ಎಂದು ಬರೆದ ಅಗ್ಗದ ಕೇಬಲ್ ಸಾಕು, ಚಿನ್ನದ ಲೇಪಕ್ಕೆ ಸಾವಿರಾರು ರೂಪಾಯಿ ಕೊಡಬೇಡಿ.

ಹಂತ 7. ಜೋಡಿಸುವ ಕ್ರಮ

ಎಲ್ಲ ಸ್ವಿಚ್ಚುಗಳನ್ನೂ ಆರಿಸಿ ಕೇಬಲ್ ಹಾಕಿ. ಕೇಬಲ್ ಟಿವಿಯ ತಂತಿ ಹಾಕಿದ್ದಂತೆಯೇ ಪಿನ್ ಚುಚ್ಚಹೋದರೆ ಬೆರಳಿಗೆ ಜುಂ ಎನ್ನುವುದುಂಟು, ಆದ್ದರಿಂದ ಅದನ್ನೂ ಕಿತ್ತಿಡಿ. ಮೊದಲು ಟಿವಿಯನ್ನು ಹಚ್ಚಿ ರಿಮೋಟಿನಿಂದ ಎವಿ ಅಥವಾ ಎಚ್‌ಡಿಎಂಐ ಮೂಲಕ್ಕೆ ಬನ್ನಿ, ಆಮೇಲೆ ಪ್ಲೇಯರನ್ನು ಹಚ್ಚಿ. ಕರೆಂಟ್ ಹೋಗಿ ಬರುವಾಗಿನ ಏರಿಳಿತಕ್ಕೆ ಪ್ಲೇಯರ್ ಬಲಿಯಾಗದಂತೆ ಸ್ಪೈಕ್ ಗಾರ್ಡ್ ಹಾಕುವುದು ಒಳ್ಳೆಯದು.

ಪ್ಲೇಯರನ್ನು ನೇರವಾಗಿ ಟಿವಿಗೇ ಜೋಡಿಸಬೇಕು. ನಡುವೆ ಹಳೆಯ ವಿಸಿಆರ್ ಇದ್ದು ಅದರ ಮೂಲಕ ಹಾಯಿಸಿದರೆ ನಕಲು ತಡೆಯ ಸಂಕೇತದಿಂದಾಗಿ ಚಿತ್ರ ಒಮ್ಮೆ ಬೆಳಗಿ ಒಮ್ಮೆ ಮಂಕಾಗುತ್ತಾ ಇರುತ್ತದೆ.

ಡಿಸ್ಕ್ ಹಾಕುವ ಮೊದಲೇ ಸೆಟ್ಟಿಂಗಿಗೆ ಹೋಗಿ ಟಿವಿಯ ಆಕಾರ, ಬಣ್ಣದ ವಿಧಾನ, ಧ್ವನಿ, ಈ ಮೂರನ್ನು ಸರಿಪಡಿಸಿ. ಚೌಕಾಕಾರದ ಟಿವಿಗೆ 4:3 ಲೆಟರ್‌ಬಾಕ್ಸ್. ಬಣ್ಣದ ವಿಧಾನ ಪಾಲ್. ಟಿವಿ ಎರಡನ್ನೂ ಬಲ್ಲುದಾದರೆ ಆಟೋ. ಕಾಂಪೊನೆಂಟ್ ಬಳಸುವ ಪಿಕ್ಚರ್ ಟ್ಯೂಬ್ ಟಿವಿಯವರು ಎಲ್ಲ ಗೆರೆಗಳನ್ನೂ ಒಂದೇ ಸಲಕ್ಕೆ ಕಳುಹಿಸುವ ಪ್ರೋಗ್ರೆಸಿವ್ ಎಂಬ ಆಯ್ಕೆಯನ್ನು ಮುಟ್ಟಬೇಡಿ.

ಎಚ್ಚರಿಕೆಯ ಲಕ್ಷಣಗಳು ಮತ್ತು ಅವುಗಳ ಮೂಲ

ಚಿತ್ರ ಕಪ್ಪುಬಿಳುಪು, ಧ್ವನಿ ಸರಿ: ಬಣ್ಣದ ವಿಧಾನ ತಪ್ಪಿದೆ, ಇಲ್ಲವೇ ಹಳದಿ ಪಿನ್ನನ್ನು ಕಾಂಪೊನೆಂಟಿನ ಹಸಿರು ಸಾಕೆಟಿಗೆ ಹಾಕಿದ್ದೀರಿ. ಹಲವು ಎಲ್‌ಸಿಡಿ ಟಿವಿಗಳಲ್ಲಿ ಹಸಿರು ಸಾಕೆಟ್ಟೇ ಹಳದಿಯ ಕೆಲಸವನ್ನೂ ಮಾಡುತ್ತದೆ. ಆಗ ಟಿವಿಯ ಮೂಲವನ್ನು ಕಾಂಪೊನೆಂಟ್ ಬಿಟ್ಟು ಎವಿಗೆ ಬದಲಾಯಿಸಿದರೆ ಬಣ್ಣ ಮರಳುತ್ತದೆ.

ಪ್ರೋಗ್ರೆಸಿವ್ ಒತ್ತಿದ ಮೇಲೆ ಪರದೆ ಕಪ್ಪಾಗಿದೆ ಅಥವಾ ಓರೆ ಗೆರೆಗಳು ಬಂದಿವೆ: ಟಿವಿಗೆ ಆ ಸಂಕೇತ ಅರ್ಥವಾಗುತ್ತಿಲ್ಲ. ಹಳದಿ ತಂತಿಯನ್ನು ಹಾಕಿ, ಆ ಚಿತ್ರದಲ್ಲಿ ಸೆಟ್ಟಿಂಗಿಗೆ ಹೋಗಿ ಹಿಂದಕ್ಕೆ ಬದಲಾಯಿಸಿ.

ಎಚ್‌ಡಿಎಂಐಯಲ್ಲಿ ಡಿವಿಡಿ ಬರುತ್ತದೆ, ಬ್ಲೂ-ರೇ ಸಿನಿಮಾ ಹಾಕಿದಾಗ ಮಾತ್ರ ಕಪ್ಪು: ಪ್ಲೇಯರ್ ಸೆಕೆಂಡಿಗೆ 24 ಚಿತ್ರಗಳಂತೆ ಕಳುಹಿಸುತ್ತಿದೆ, ಹಳೆಯ ಟಿವಿ ಅದನ್ನು ಒಪ್ಪುತ್ತಿಲ್ಲ. 24ಪಿ ಎಂಬ ಆಯ್ಕೆಯನ್ನು ಆಫ್ ಮಾಡಿಬಿಡಿ. ಆಗಲೂ ಬಾರದಿದ್ದರೆ ಸ್ಪಷ್ಟತೆಯನ್ನು 1080ಐ ಅಥವಾ 720ಪಿಗೆ ಇಳಿಸಿ.

ಎಚ್‌ಡಿಎಂಐ ಬದಲು ಡಿವಿಐ ಸಾಕೆಟ್ ಇರುವ ಪರದೆಯಲ್ಲಿ ಏನೂ ಬರುತ್ತಿಲ್ಲ: ಆ ಪರದೆಗೆ ಎಚ್‌ಡಿಸಿಪಿ ಎಂಬ ನಕಲು ತಡೆಯ ಪರಿಚಯವಿಲ್ಲ. ಯಾವ ಸೆಟ್ಟಿಂಗಿನಿಂದಲೂ ಇದು ಸರಿಹೋಗದು, ಪ್ಲೇಯರನ್ನು ಹಿಂತಿರುಗಿಸಿ.

ವಿಸಿಡಿಯಲ್ಲಿ ಹಾಡಿನ ಸಂಗೀತ ಕೇಳುತ್ತದೆ, ಗಾಯಕರ ದನಿ ಇಲ್ಲ: ಅದು ಕರೋಕೆಗಾಗಿ ಎರಡು ಪಕ್ಕದಲ್ಲಿ ಬೇರೆ ಬೇರೆ ಧ್ವನಿ ತುಂಬಿದ ಡಿಸ್ಕ್. ರಿಮೋಟಿನಲ್ಲಿ ಎಡ, ಬಲ ಧ್ವನಿ ಬದಲಾಯಿಸುವ ಗುಂಡಿ ಒತ್ತಿ. ಒಂದೇ ಧ್ವನಿಮಾರ್ಗದ ಟಿವಿಗೆ ಬಿಳಿ ಪಿನ್ ಮಾತ್ರ ಹಾಕಿದವರಿಗೆ ಇದು ಹೆಚ್ಚಾಗಿ ಎದುರಾಗುತ್ತದೆ.

ಚಿತ್ರದ ಮೇಲೆ ನಿಧಾನವಾಗಿ ಏರುವ ಅಡ್ಡ ಪಟ್ಟಿ, ಜೊತೆಗೆ ಗುಂಯ್ ಸದ್ದು: ಕೇಬಲ್ ಟಿವಿಯ ತಂತಿ ಕಿತ್ತು ನೋಡಿ. ನಿಂತರೆ ತಪ್ಪು ಪ್ಲೇಯರಿನದಲ್ಲ, ಕೇಬಲಿನವರನ್ನು ಕರೆಸಿ.

ಹಿಂತಿರುಗಿಸುವ ಅವಧಿ ಮುಗಿಯುವುದರೊಳಗೆ ಪ್ರತಿ ರಾಶಿಯಿಂದ ಕನಿಷ್ಠ ಎರಡೆರಡು ಡಿಸ್ಕ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಓಡಿಸಿ. ಹೊಸ ಪ್ಲೇಯರ್ ವಿಸಿಡಿ ಓದದಿದ್ದರೆ ಹಳೆಯದನ್ನು ಗುಜರಿಗೆ ಹಾಕದೆ ಸೆಲೆಕ್ಟರ್ ಪೆಟ್ಟಿಗೆಯ ಮೂರನೇ ಸಾಲಿಗೆ ಜೋಡಿಸಿಡಬಹುದು. ಎಲ್ಲವೂ ಸರಿಯಾಗಿ ಓಡಿದ ದಿನ ಸೆಟ್ಟಿಂಗಿನ ಪುಟಗಳ ಫೋಟೋ ತೆಗೆದು, ಯಾವ ಸಾಕೆಟಿಗೆ ಯಾವ ಕೇಬಲ್ ಎಂದು ಒಂದು ಚೀಟಿಯಲ್ಲಿ ಬರೆದು ಪ್ಲೇಯರಿನ ತಳಕ್ಕೆ ಅಂಟಿಸಿ. ದಸರೆಗೆ ಮನೆ ಗುಡಿಸುವಾಗ ಯಾರಾದರೂ ಪಿನ್ನುಗಳನ್ನೆಲ್ಲ ಕಿತ್ತೇ ಕೀಳುತ್ತಾರೆ.